ಕ್ಯಾಂಪಿನ ಖೋಲ್ ಬಾರಿಸುವವನು

ಸಿಂಧನೂರಿನ ಹತ್ತಿರದ ನಿರಾಶ್ರಿತರ ಬಂಗಾಲಿ ಕ್ಯಾಂಪಿನ ಹರಿಪದನಿಗೆ ಹೆಂಡತಿ ಮಕ್ಕಳಿಗಿಂತ ಖೋಲ್ ಮುಂದು. ಖೋಲ್ ಎಂದರೆ ಅವರ ಭಜನೆಯ ಮಣ್ಣಿನ ಮೃದಂಗ. ಮಳೆ ಬಂದರೆ ತಾನು ನೆನೆದು ಅದಕ್ಕೆ ಗೋಣಿಚೀಲ ಹೊದಿಸುತ್ತಾನೆ. ಸಿಂಧನೂರಿನ ಬಸ್ಸಿನಲ್ಲಿ ಅದನ್ನು ಸೀಟಿನ ಮೇಲೆ ಕೂಡಿಸಿ ತಾನು ನಿಲ್ಲುತ್ತಾನೆ. ಅವನು ಬಾರಿಸಿದರೆ ಕಾಲುವೆ ಆಚೆಯ ದನಗಳೂ ಮೇವು ಬಿಟ್ಟು ಕಿವಿ ನಿಮಿರಿಸುತ್ತವೆ. ನಾಟಿಯ ದಿನ ಸಸಿಯ ಕಟ್ಟಿನ ಮೇಲೂ ಅವನ ಬೆರಳುಗಳು ತಾಳ ಹಾಕುತ್ತವೆ. "ಕಟ್ಟು ಒಗಿಯೋ ಮಾರಾಯ, ಬಾರಿಸಬ್ಯಾಡ!" ಎಂದು ಹೆಂಗಸರು ನಗುತ್ತಾರೆ. "ಬಾರಿಸಿದ್ರ ಲಗೂನ ಬೇರು ಬಿಡ್ತೈತಿ, ಯಕ್ಕಾ," ಎನ್ನುತ್ತಾನೆ. ದೇಶ ಬಿಟ್ಟು ಬರುವಾಗ ಹೊತ್ತು ತಂದ ಖೋಲ್ ಇಲ್ಲಿ ಒಡೆದಾಗ, ಹೆಣದ ಮುಂದೆ ಕೂತವನಂತೆ ಅತ್ತಿದ್ದ. ಮುಕ್ಕುಂದದ ಕುಂಬಾರ ಯಮನೂರಪ್ಪ ಈ ಊರಿನ ಮಣ್ಣಿನಲ್ಲೇ ಹೊಸ ಒಡಲು ಮಾಡಿ ಸುಟ್ಟುಕೊಟ್ಟ. ಈಗ ಯಮನೂರಪ್ಪ ಇಲ್ಲ. ಮನೆಮನೆಗೂ ಸ್ಟೀಲ್ ಕೊಡ ಬಂದಿದೆ, ಅವನ ಹೆಸರು ಯಾರ ಬಾಯಲ್ಲೂ ಇಲ್ಲ. ಅವನ ಹೆಂಡತಿ ಗ್ಯಾನಮ್ಮ ಗಂಡನ ಹೆಸರು ಹೇಳುವಂತಿಲ್ಲ. ಊರೂ ಹೇಳದಿದ್ದರೆ ಆ ಹೆಸರು ಮಣ್ಣಾಯಿತು ಎಂಬುದೇ ಅವಳ ಸಂಕಟ. ಕ್ಯಾಂಪಿನ ಕೀರ್ತನೆಯ ದಿನ ಹರಿಪದ ಅವಳನ್ನು ಕರೆಯಲು ಬಂದ. "ನಿಮ್ಮ ಮಾತು ನನಗ ತಿಳಿಯಂಗಿಲ್ಲ. ಬಂದು ಏನ್ ಮಾಡ್ಲಿ?" "ಸುಮ್ನ ಬಾ, ಯಕ್ಕಾ." ಗ್ಯಾನಮ್ಮ ಹೋಗಿ ಹಿಂದೆ ಕೂತಳು. ಬಾರಿಸುವ ಮೊದಲು ಗುರುಗಳ ಹೆಸರು ಹೇಳಿ ನಮಸ್ಕರಿಸುವುದು ಹರಿಪದನ ಪದ್ಧತಿ. ಅವನು ಕಣ್ಣು ಮುಚ್ಚಿ ಒಂದೊಂದೇ ಬಂಗಾಲಿ ಹೆಸರು ಹೇಳಿದ. ಕೊನೆಗೆ "ಯಮನೂರಪ್ಪ" ಅಂದ. ಇಡೀ ಕ್ಯಾಂಪು ನೆಲಕ್ಕೆ ಹಣೆ ಹಚ್ಚಿತು. ಗ್ಯಾನಮ್ಮನೂ ಸೆರಗು ಹೊದ್ದು ಹಣೆ ಹಚ್ಚಿದಳು. ಖೋಲ್ ಶುರುವಾದರೂ ತಲೆ ಎತ್ತಲಿಲ್ಲ.