ಪೂಜಿಗೆ ಇಟ್ಟ ಕಂಪ್ಯೂಟರ್

ಮನಿ ನಕ್ಷಾ ತೆಗೆಯೋದು ನನ್ನ ಕೆಲಸ. ಊರು ಬಿಟ್ಟು ಹೊಂಟಾಗ ಉಮರ್ಗಾದ ಮನ್ಯಾಗಿನ ಕಂಪ್ಯೂಟರ್ ಚಾಲೂ ಇಟ್ಟೇ ಹೋಗ್ತೀನಿ. ಎಲ್ಲಿದ್ದರೂ ಫೋನಿನಿಂದ ಅದನ್ನ ತೆರೀಬಹುದು. ಕಾಗದದ ಸುರುಳಿ ಹೊತ್ತು ತಿರುಗೋದು ಬಿಟ್ಟು ಭಾಳ ದಿನ ಆಯ್ತು.

ಹೋದ ಖಂಡೇನವಮಿ, ಅಂದ್ರ ಆಯುಧ ಪೂಜಿ ದಿನ ಔರಾದ ಶಹಾಜನಿಯೊಳಗ ಇದ್ದೆ. ಒಬ್ಬ ರೈತರ ಹೊಸ ಮನಿ ಪಾಯಾಕ್ಕ ಮರುದಿನ ದಸರಾ ಮುಂಜಾನೆ ಗುದ್ದಲಿ ಬೀಳೋದಿತ್ತು. ಅಷ್ಟರಾಗ ಜಾಗಾ ಅಳದು ಸುಣ್ಣದ ಗೆರೆ ಹಾಕಬೇಕು.

"ನಕ್ಷಾ ಎಲ್ಲಿ ಅದರೀ ಸಾಹೇಬ್ರ?" ಅಂದ ಮನಿ ಕಟ್ಟೋ ಗೌಂಡಿ.

"ಉಮರ್ಗಾದಾಗ ಅದ. ಇಲ್ಲೇ ತೋರಿಸ್ತೀನಿ" ಅಂತ ಫೋನ್ ತೆರೆದೆ. ನಕ್ಷಾ ಮೂಡಿತು. ಅಂವಾ ಬಗ್ಗಿ ನೋಡೋದರಾಗ ಮಾಯ ಆಯ್ತು.

ಮನಿಗೆ ಫೋನ್ ಹಚ್ಚಿದೆ. "ಕಂಪ್ಯೂಟರಿನ ಕರೆಂಟ್ ನಾನೇ ಬಂದ್ ಮಾಡೀನಿ," ಅಂದಳು ಅವ್ವ. "ಈಗರೆ ಕುಂಕುಮ ಹಚ್ಚಿ ಪೂಜಿ ಮಾಡೀನಿ, ಅದರ ಪರದೆ ಮ್ಯಾಲಿನ ಬಾಣ ತಾನೇ ಓಡ್ಯಾಡಲಿಕ್ಕತ್ತಿತ್ತು. ಪೂಜಿಗೆ ಇಟ್ಟ ಹತ್ಯಾರ ಇವತ್ತ ಮುಟ್ಟಬಾರದು."

"ನಾ ಎಲ್ಲಿ ಮುಟ್ಟೀನವ್ವ? ಔರಾದದಾಗ ಕುಂತೀನಿ."

ಅವ್ವ ಸ್ವಲ್ಪ ವಿಚಾರ ಮಾಡಿದಳು. "ಕೈ ಹಚ್ಚದಿದ್ದರ ದೋಷ ಇಲ್ಲ. ಗ್ವಾಡಿ ಮ್ಯಾಲಿನ ಬಟನ್ ಹಾಕ್ತೀನಿ, ಅದಕ್ಕ ನಾ ಪೂಜಿ ಮಾಡಿಲ್ಲ."

ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಚಾಲೂ ಆಗೋ ಹಂಗ ನಾ ಮೊದಲೇ ಮಾಡಿಟ್ಟಿದ್ದೆ. ನಕ್ಷಾ ಮತ್ತ ಬಂತು. "ಹಿಡೀರಿ ಟೇಪು," ಅಂದೆ ಜೋರಿನಿಂದ.

ಗೌಂಡಿ ಕೈ ಕಟ್ಟಿಕೊಂಡೇ ನಿಂತಿದ್ದ. "ಟೇಪು, ಹಗ್ಗ, ಕರಣಿ ಎಲ್ಲಾ ಪೂಜಿಗೆ ಇಟ್ಟೀನ್ರೀ. ಫೋನಿನಿಂದ ಅವನ್ನೂ ನಡಸ್ಲಿಕ್ಕ ಬರ್ತದೇನು ನೋಡ್ರಿ."

ಕಡೀಕ ಜಾಗಾ ನಾ ಹೆಜ್ಜಿ ಹಾಕಿ ಅಳದೆ. ನನ್ನ ಕಾಲಿಗೆ ಯಾರೂ ಕುಂಕುಮ ಹಚ್ಚಿರಲಿಲ್ಲ.