ಅಣ್ಣನ ಬಾಯಲ್ಲಿ ಲವಂಗ

"ಸಿಗರೇಟ್ ಸೇದ್ತೀರೇನ್ರಿ?"

ಡಾಕ್ಟರು ಕೇಳಿದ್ದು ಇಷ್ಟೇ. ಅಣ್ಣ ಪಕ್ಕದ ಕುರ್ಚಿಯತ್ತ ಕಣ್ಣು ಹಾಯಿಸಿದ. ಅಲ್ಲಿ ಅವ್ವ ಕೂತಿದ್ದಳು. "ಛೆ ಛೆ, ಇಲ್ರಿ. ಎಂದೂ ಮುಟ್ಟಿಲ್ಲ" ಅಂದುಬಿಟ್ಟ.

ಅದು ಹಸಿ ಸುಳ್ಳೆಂದು ನನಗೆ ಗೊತ್ತಿತ್ತು.

ಕಳೆದ ವಾರದ ಮಾತಿದು. ಹೈಟೆಕ್ ಸಿಟಿ ಕಡೆ ಹೊಸದಾಗಿ ಎದ್ದಿರುವ ಗಾಜಿನ ಆಸ್ಪತ್ರೆ. ಅಣ್ಣನ ಶ್ವಾಸಕೋಶದಲ್ಲಿ ಕ್ಯಾನ್ಸರ್. ಕೀಮೋಗೆ ಮುಂಚಿನ ಭೇಟಿ. ಡಾಕ್ಟರು ರಾಯಚೂರಿನವರು, ನಮ್ಮ ಮಾತಿನವರು ಎಂಬ ಧೈರ್ಯಕ್ಕೆ ಅವ್ವನೂ ಹಟ ಹಿಡಿದು ಬಂದಿದ್ದಳು. ಅದೇ ಎಡವಟ್ಟಾಯಿತು.

ನಮ್ಮ ಮನೆಗಳಲ್ಲಿ ಇದೊಂದು ಮರ್ಯಾದೆ. ಹಿರಿಯರೆದುರು ಸೇದುವಂತಿಲ್ಲ. ಊಟವಾದ ಮೇಲೆ ಅಣ್ಣ "ಗಾಳಿಗೆ ಹೋಗಿ ಬರ್ತೀನಿ" ಎಂದು ಮಾಳಿಗೆ ಹತ್ತುತ್ತಿದ್ದ. ಇಳಿಯುವಾಗ ಬಾಯಲ್ಲಿ ಲವಂಗ. (ಆಸ್ಪತ್ರೆ ಎದುರಿನ ಸಾಫ್ಟ್‌ವೇರ್ ಕಂಪನಿಯ ಹುಡುಗರು ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡು ರಾಜಾರೋಷವಾಗಿ ಹೊಗೆ ಬಿಡುತ್ತಾರೆ. ಊರಿಗೆ ಹೋದಾಗ ಅವರೂ ಲವಂಗ ಹುಡುಕುತ್ತಾರೋ ಏನೋ!)

ಡಾಕ್ಟರು ಬರೆದುಕೊಳ್ಳತೊಡಗಿದರು. ನಾನು ತಮ್ಮ. ಅಣ್ಣನ ಮಾತು ಸುಳ್ಳೆಂದು ಅವ್ವನ ಮುಂದೆ ಹೇಗೆ ಹೇಳಲಿ?

ಹೇಳಿದ್ದು ಅವ್ವನೇ.

"ಸೇದ್ತಾನ್ರಿ ಸಾಹೇಬ್ರ. ಮೀಸಿ ಬಂದಾಗಿಂದ ಸೇದ್ತಾನ." ಅಣ್ಣನ ಕಡೆ ತಿರುಗಿದಳು. "ದಿನಾ ಲವಂಗ ಅಗೀತಿ, ನಿನಗೇನ್ ಹಲ್ಲುನೋವೇನೋ? ಭಾಳ ಶಾಣ್ಯಾ ಅದೀ!"

ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. ಸೇದದವರ ಕ್ಯಾನ್ಸರು ಎಷ್ಟೋ ಸಲ ಬೇರೆಯೇ ಜಾತಿಯದಂತೆ. ಒಂದೇ ಔಷಧ ಸೇದಿದವರಲ್ಲೂ ಸೇದದವರಲ್ಲೂ ಒಂದೇ ಥರ ಕೆಲಸ ಮಾಡುತ್ತದೆಂಬ ಖಾತ್ರಿಯಿಲ್ಲವಂತೆ.

"ಹಿಂದಿಂದು ಹೋಗ್ಲಿ ಬಿಡ್ರಿ, ಅದನ್ನ ತಿದ್ದಾಕ ಆಗೂದಿಲ್ಲ. ಆದ್ರ ಕೀಮೋ ನಡದಾಗ ಸೇದಿದ್ರ ಔಷಧ ಒಂದ್ ಕಡೆ ಎಳೀತೈತಿ, ಹೊಗಿ ಇನ್ನೊಂದ್ ಕಡೆ. ಈಗ ಬಿಟ್ರೂ ಲಾಭ ಐತಿ. ಬಿಡ್ತೀರಿ?"

"ಬಿಟ್ಟೆ ಅಂತನ ತಿಳೀರಿ" ಎಂದ ಅಣ್ಣ. ಅಷ್ಟಕ್ಕೇ ನಿಲ್ಲಲಿಲ್ಲ. ಅವ್ವನ ತಲೆ ಮುಟ್ಟಿ ಆಣೆ ಮಾಡಿದ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಸ್ವಲ್ಪ ಉಸಿರು ಬಂತು.

ನಿನ್ನೆ ಮೊದಲ ಕೀಮೋ. ಬೆಳಿಗ್ಗೆ ಕಾರು ತಗೊಂಡು ಕುಷಾಯಿಗೂಡದ ಅಣ್ಣನ ಮನೆಗೆ ಹೋದೆ. ಅಣ್ಣ ಮಾಳಿಗೆಯಿಂದ ಇಳಿದು ಬಂದು ನನ್ನ ಪಕ್ಕ ಕೂತ. (ಬಟ್ಟೆ ಒಣಹಾಕಲು ಹೋಗಿದ್ದನೆಂದು ನನಗೆ ನಾನೇ ಹೇಳಿಕೊಂಡೆ.) ಹಿಂದಿನ ಸೀಟಿನಲ್ಲಿ ಅವ್ವ ಕಣ್ಣು ಮುಚ್ಚಿ ರಾಯರ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು.

ಸಿಕಂದರಾಬಾದ್ ಸ್ಟೇಷನ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಮುಂದಿನ ಬಸ್ಸು ಕರ್ರಗೆ ಹೊಗೆ ಕಾರುತ್ತಿತ್ತು.

"ಎಷ್ಟ್ ಹೊಗಿನೋ ಮಾರಾಯಾ, ಗಾಜು ಏರಸು" ಎಂದ ಅಣ್ಣ.

ಏರಿಸಿದೆ. ಕಾರಿನ ತುಂಬ ಲವಂಗದ ವಾಸನೆ.

ಕನ್ನಡಿಯಲ್ಲಿ ಹಿಂದೆ ನೋಡಿದೆ. ಅವ್ವನ ತುಟಿ ಅಲ್ಲಾಡುವುದು ನಿಂತಿತ್ತು. ಕಣ್ಣು ಮಾತ್ರ ಅವಳು ತೆರೆಯಲಿಲ್ಲ.

ಈ ಸಲ ಡಾಕ್ಟರಿಗೆ ಹೇಳುವವರು ಯಾರು?