ಚನ್ನವೀರಪ್ಪನೋರು ಹೊಲಿದ ಗಂಟೆ ಬಾವುಟ

ನಂದು ರಾಜಾಜಿನಗರದಲ್ಲಿ ಸೈಕಲ್ ಶಾಪು. ಪಕ್ಕದ ಅಂಗಡಿ ಟೈಲರ್ ಚನ್ನವೀರಪ್ಪನೋರದ್ದು. ದಾವಣಗೆರೆ ಕಡೆಯೋರು. ಬೀದೀಲಿ ಜಗಳ ಆದ್ರೆ ಜನ ಸ್ಟೇಷನ್ನಿಗೆ ಹೋಗ್ತಿರ್ಲಿಲ್ಲ, ಇವ್ರ ಹತ್ರ ಬರೋರು. ಇವ್ರು ಹೇಳಿದ್ರೆ ಮುಗೀತು. ಅವ್ರ ಆಸ್ತಿ ಅಂದ್ರೆ ಅದೊಂದೇ, ಆ ಮಾತು.

ಬಟ್ಟೆ ಮಾರೋಕೆ ಲೈಸೆನ್ಸ್ ಕೇಳ್ಕೊಂಡು ಆಫೀಸು ಅಲೆದು ಅಲೆದು ಅವ್ರಿಗೆ ರೋಸಿಹೋಗಿತ್ತು. ಆಗ ದೇಶಹಿತ ಪಕ್ಷದೋರು ಸಿಕ್ಕಿದ್ರು. ಸ್ವಾತಂತ್ರ್ಯ ಬಂದ್ಮೇಲೆ ಹುಟ್ಟಿದ ಪಾರ್ಟಿ. ದೇಶ ಮೊದ್ಲು, ಆಮೇಲೆ ದುಡಿಯೋನ ಕಸುಬಿಗೆ ಸರ್ಕಾರ ಕೈ ಹಾಕ್ಬಾರ್ದು ಅನ್ನೋರು. ಚನ್ನವೀರಪ್ಪನೋರಿಗೆ ಹಿಡಿಸ್ತು. ಬಾವುಟ ಎಲ್ಲಾ ಅವ್ರೇ ಹೊಲಿದ್ರು. ನೀಲಿ ಬಟ್ಟೆ, ಮಧ್ಯ ಹಳದಿ ಗಂಟೆ.

ಎಪ್ಪತ್ತೆರಡರ ಎಲೆಕ್ಷನ್ನಿಗೆ ಪಾರ್ಟಿಯಿಂದ ಲಾಯರ್ ರೇವಣಸಿದ್ದಯ್ಯ ನಿಂತ್ರು. ಚನ್ನವೀರಪ್ಪನೋರು ಮನೆ ಮನೆಗೂ ಹೋಗಿ ಬಾವುಟ ಕಟ್ಟಿದ್ರು. ಜೊತೇಲಿ ನಾನೂ ಇದ್ದೆ. ಹೂ ಮಾರೋ ಕಮಲಾಕ್ಷಮ್ಮ ಕೇಳೇಬಿಟ್ರು:

"ಗೆದ್ಮೇಲೆ ಈ ಲಾಯರ್ರೂ ಅಧಿಕಾರ ಇರೋ ಕಡೆ ಹಾರಲ್ವೇನಣ್ಣ?"

"ಹಾರಲ್ಲ ತಾಯಿ."

"ನೀವು ಹೇಳ್ತಿದೀರಾ, ಅವ್ರು ಹೇಳ್ತಿದಾರಾ?"

ಚನ್ನವೀರಪ್ಪನೋರು ಎದೆ ಮೇಲಿನ ಲಿಂಗ ಮುಟ್ಟಿದ್ರು. "ನಾನು ಹೇಳ್ತಿದೀನಿ."

ಆಮೇಲೆ ಯಾರೂ ಏನೂ ಕೇಳ್ಲಿಲ್ಲ. ಇಡೀ ಬೀದಿ ಗಂಟೆ ಗುರುತಿಗೇ ಮುದ್ರೆ ಒತ್ತಿತು. ರೇವಣಸಿದ್ದಯ್ಯ ಗೆದ್ರು.

ಎರಡು ವರ್ಷ ಆಗಿತ್ತು. ಒಂದು ಭಾನುವಾರ ಪಾರ್ಟಿ ಮೀಟಿಂಗ್ ಅಂತ ಕರೆದ್ರು, ಇಬ್ರೂ ಹೋದ್ವಿ. ಪಾರ್ಟೀನ ಅಧಿಕಾರದಲ್ಲಿರೋ ಪಾರ್ಟಿಗೆ ಸೇರಿಸ್ಬೇಕು, ಒಪ್ಪೋರು ಕೈ ಎತ್ತಿ ಅಂದ್ರು. ಎತ್ತಿದ್ರು. ಅಷ್ಟೇ. ಅಷ್ಟು ವರ್ಷದ ಪಾರ್ಟಿ ಸತ್ತೋಯ್ತು. ಅಳೋರು ಒಬ್ರಿಲ್ಲ. ಹಿಂದುಗಡೆ ಕೇಸರಿಬಾತ್ ರೆಡಿ ಇತ್ತು. ಕೈ ಎತ್ತಿದೋರೆಲ್ಲಾ ಬೆರಳು ನೆಕ್ಕೊಂಡು ತಿಂದ್ರು.

ರೇವಣಸಿದ್ದಯ್ಯ ಬಾಯಿ ಒರೆಸ್ಕೊಂಡು ಬಂದ್ರು. "ಬಾವುಟದ ಬಟ್ಟೆ ಗಟ್ಟಿ ಇದೆ ಕಣಯ್ಯಾ. ಗಂಟೆ ಬಿಚ್ಚಿ ಅವ್ರ ಗುರುತು ಹೊಲಿದುಬಿಡು."

"ನಾನು ಲಿಂಗ ಮುಟ್ಟಿ ಹೇಳಿದ್ದೆ ಸ್ವಾಮಿ."

"ಓಟು ಕೇಳೋಕೆ ಯಾರಾದ್ರೂ ಲಿಂಗ ಮುಟ್ತಾರೇನಯ್ಯಾ! ಕೈ ಮುಗಿದ್ರೆ ಸಾಕಿತ್ತು." ಸುತ್ತ ಇದ್ದೋರು ಗೊಳ್ ಅಂತ ನಕ್ರು. ಅವ್ರ ಬಾಯಲ್ಲಿ ಇನ್ನೂ ಕೇಸರಿಬಾತ್ ಇತ್ತು.

ಚನ್ನವೀರಪ್ಪನೋರು ಸೀದಾ ನಮ್ಮ ಬೀದಿಗೆ ಬಂದ್ರು. ಮೊದಲ್ನೇ ಮನೆ ಬಾಗಿಲು ತಟ್ಟಿದ್ರು.

"ನಾನು ಹೇಳಿದ್ದು ಸುಳ್ಳಾಯ್ತು. ಬಾವುಟ ಇದ್ರೆ ಕೊಟ್ಬಿಡಿ. ಇನ್ಮೇಲೆ ನನ್ನ ಮಾತು ನಂಬಬೇಡಿ."

ಹಿಂಗೇ ಪ್ರತಿ ಮನೇಗೂ. ಕೆಲವರು ಪಾಪ ಅಂದ್ರು. ಒಬ್ಬ, "ಎಷ್ಟು ತಿಂದ್ರಿ?" ಅಂದ. ಅದನ್ನೂ ಕೇಳಿಸ್ಕೊಂಡು ಮುಂದಿನ ಮನೆಗೆ ಹೋದ್ರು. ನಂಗೆ ಅವನ ಮೂತಿಗೆ ಗುದ್ದೋಣ ಅನ್ನಿಸ್ತು. ಚನ್ನವೀರಪ್ಪನೋರು ಬಿಡ್ಲಿಲ್ಲ.

ಕಮಲಾಕ್ಷಮ್ಮ ಬಾವುಟಾನ ಒದ್ದೆ ಮಾಡಿ ಹೂವಿನ ಬುಟ್ಟಿಗೆ ಹೊದಿಸಿಟ್ಟಿದ್ರು. ಅಂಚು ಪಿಸಿದು ನೂಲು ಬಿಟ್ಟಿತ್ತು.

"ಕೊಡಲ್ಲ ಹೋಗಣ್ಣ. ಹೂ ಬಾಡಲ್ಲ ಇದ್ರಲ್ಲಿ. ನಿಮ್ಮ ಪಾರ್ಟೀಲಿ ಕೆಲಸಕ್ಕೆ ಬಂದಿದ್ದು ಇದೊಂದೇ."

ಚನ್ನವೀರಪ್ಪನೋರು ಒಂದು ಗಳಿಗೆಗೆ ಅಂತ ಬಟ್ಟೆ ಇಸ್ಕೊಂಡ್ರು. ಅಂಗಡೀಗೆ ಬಂದು ಗಂಟೆ ಬಿಚ್ಚಿ ಚರಂಡಿಗೆ ಎಸೆದ್ರು. ಅಂಚು ಮಡಚಿ ಹೊಲಿದು ವಾಪಸ್ ಕೊಟ್ಟು ಬಂದ್ರು.

ಜಗಳ ತಗೊಂಡು ಜನ ಆಮೇಲೂ ಬಂದ್ರು. ಅವ್ರು ಮಷಿನ್ ನಿಲ್ಲಿಸ್ತಿರ್ಲಿಲ್ಲ. "ಸ್ಟೇಷನ್ನಿಗೆ ಹೋಗಿ" ಅನ್ನೋರು.